ಲೆಕ್ಕಕ್ಕುಂಟು, ಆಟಕ್ಕಿಲ್ಲ: ಗಂಟೆ ಕೇಳಿಸಿಕೊಳ್ಳುವವನ ಚರಿತ್ರೆ

ಶಿವನಿ ಸೀಮೆಯ ನಮ್ಮ ಕೇರಿಯಲ್ಲಿ ಜಡಿಮಳೆಯ ರಾತ್ರಿ ಹೇಳುತ್ತಿದ್ದ ಕಥೆಯೊಂದಿದೆ. ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಹತ್ತಿರ ಇರುವ ಅಯ್ಯನಕೆರೆಯ ಕಥೆ. ರುಕ್ಮಾಂಗದ ರಾಯ ಕಟ್ಟಿಸಿದ ಅಂತ ಜನ ಹೇಳುವ ದೊಡ್ಡ ಕೆರೆ. ಅದರ ಏರಿ ಕಾಯುವುದಕ್ಕೆ ಒಬ್ಬ ತೋಟಿ. ಒಂದು ರಾತ್ರಿ ಮಳೆ ನಿಲ್ಲಲೇ ಇಲ್ಲ. ಕೆರೆಯ ದೇವತೆ ಇವನ ಎದುರು ಬಂದು ನಿಂತು, ‘ನಾನು ಹೊಂಟೆ ಕಣಪ್ಪ, ಏರಿ ಒಡ್ಕಂಡು ಹೋಗ್ತೀನಿ’ ಅಂದಳು. ಇವನು ಕಾಲಿಗೆ ಬಿದ್ದ. ‘ತಾಯೀ, ರಾಯರಿಗೆ ಒಂದು ಮಾತು ಹೇಳಿ ಬತ್ತೀನಿ. ನಾನು ತಿರುಗಿ ಬರೋಗಂಟ ನಿಂತ್ಕಳವ್ವ’ ಅಂದ. ಆಕೆ ಆಗಲಿ ಅಂತ ಮಾತು ಕೊಟ್ಟಳು. ತೋಟಿ ಕತ್ತಲಲ್ಲಿ ಬಿದ್ದು ಎದ್ದು ಓಡಿದ. ಅರಮನೆಯವರು ಅವನ ಮಾತು ಪೂರ್ತಿ ಕೇಳಿದರು. ಕೇಳಿ, ಅವನನ್ನು ಕಡಿದು ಹಾಕಿದರು. ಅವನು ತಿರುಗಿ ಹೋಗುವಂತಿಲ್ಲ, ಆಕೆ ಮಾತು ಮುರಿಯುವಂತಿಲ್ಲ. ಕೆರೆ ಉಳಿಯಿತು.

ಅಜ್ಜಿ ಇದನ್ನು ತೋಟಿಯ ನಿಯತ್ತಿನ ಕಥೆ ಅಂತ ಹೇಳುತ್ತಿದ್ದಳು. ಊರೊಳಗಿನ ದೊಡ್ಡವರ ಬಾಯಲ್ಲಿ ಇದು ರಾಯನ ಜಾಣತನದ ಕಥೆ. ಕೋಟೆಬಾಗಿಲ ದೇವತೆ, ಪಟ್ಟಣದ ಲಕ್ಷ್ಮಿ ಅಂತ ಹೆಸರು ಬದಲಾಯಿಸಿಕೊಂಡು ಇದೇ ಕಥೆ ಬೇರೆ ಊರುಗಳಲ್ಲೂ ಓಡಾಡುತ್ತದೆ. ನಿಜವೋ ಸುಳ್ಳೋ ಅನ್ನುವ ಚರ್ಚೆ ನನಗೆ ಬೇಡ. ಇದರಲ್ಲಿರುವ ಲೆಕ್ಕ ನೋಡಿ. ಅಪಾಯ ಬಂತು ಅಂತ ಎಲ್ಲರಿಗಿಂತ ಮೊದಲು ತಿಳಿದವನು ತೋಟಿ. ಓಡಿಹೋಗಿ ಹೇಳುವುದೊಂದು ಬಿಟ್ಟು ಬೇರೆ ಯಾವ ಅಧಿಕಾರವೂ ಅವನ ಕೈಯಲ್ಲಿರಲಿಲ್ಲ. ಹೇಳಿದ ಮೇಲೆ ಕೆರೆಯ ಭದ್ರತೆಯ ಲೆಕ್ಕಕ್ಕೆ ಅವನನ್ನು ಕಾಯಂ ಆಗಿ ಬರೆದುಕೊಂಡರು. ಬದುಕಿನ ಲೆಕ್ಕದಿಂದ ಹೊಡೆದುಹಾಕಿದರು.

ಈ ಹಳೇ ಕಥೆ ಈಗ ಯಾಕೆ ಅಂದರೆ, ಇಂಥದ್ದೇ ಲೆಕ್ಕ ಇವತ್ತಿನ ಕಾರ್ಖಾನೆಗಳಲ್ಲೂ ನಡೆಯುತ್ತದೆ. ರಾಸಾಯನಿಕದ ಕಾರ್ಖಾನೆ, ಎಣ್ಣೆ ಶುದ್ಧಮಾಡುವ ಕಾರ್ಖಾನೆ, ಗೊಬ್ಬರದ ಕಾರ್ಖಾನೆ, ಇಂಥ ಕಡೆ ಎಂಜಿನಿಯರುಗಳು ಮೇಜಿನ ಸುತ್ತ ಕೂತು ಒಂದು ಪಟ್ಟಿ ಮಾಡುತ್ತಾರೆ. ಈ ತೊಟ್ಟಿ ಉಕ್ಕಿದರೆ ಏನು ಗತಿ? ಯಾಕೆ ಉಕ್ಕಬಹುದು? ತಡೆಯಲಿಕ್ಕೆ ಏನಿದೆ? ಈ ಕಡೆಯ ಪ್ರಶ್ನೆಯ ಮುಂದೆ ಎಷ್ಟೋ ಸಲ ಬೀಳುವ ಉತ್ತರ ಇದು: ‘ಮಟ್ಟ ಏರಿದಾಗ ಅಲಾರಂ ಬಡಿಯುತ್ತದೆ, ಆಪರೇಟರ್ ವಾಲ್ವ್ ಮುಚ್ಚುತ್ತಾನೆ.’

ಇದಕ್ಕೆ ಒಂದು ಅಂಕಿಯೂ ಇದೆ. 2001ರಲ್ಲಿ ಅಮೆರಿಕದ ಕೆಮಿಕಲ್ ಎಂಜಿನಿಯರುಗಳ ಸಂಸ್ಥೆಯ ಸುರಕ್ಷತಾ ಕೇಂದ್ರ, ರಕ್ಷಣೆಯ ಪದರಗಳನ್ನು ಎಣಿಸುವುದು ಹೇಗೆ ಅಂತ ಒಂದು ಪುಸ್ತಕ ತಂದಿತು. ಈ ವಿದ್ಯೆ ಈಗ ಲೋಕವೆಲ್ಲ ಹರಡಿದೆ. ಇದರಲ್ಲಿ ಅಲಾರಂ ಕೇಳಿ ಕೆಲಸ ಮಾಡುವ ಮನುಷ್ಯನಿಗೆ ಸಾಮಾನ್ಯವಾಗಿ ಕೊಡುವ ಬೆಲೆ ಹತ್ತಕ್ಕೊಂದು. ಅಂದರೆ ಹತ್ತು ಸಲ ಗಂಟೆ ಬಡಿದರೆ ಒಂಬತ್ತು ಸಲ ಸರಿಯಾಗಿ ಮಾಡುತ್ತಾನೆ, ಒಂದು ಸಲ ತಪ್ಪುತ್ತಾನೆ. ತೊಟ್ಟಿ ಹತ್ತು ವರ್ಷಕ್ಕೊಮ್ಮೆ ಉಕ್ಕುವ ಸಂಭವ ಇದೆ ಅಂತ ಇಟ್ಟುಕೊಳ್ಳಿ. ಆಪರೇಟರ್ ಇದ್ದಾನೆ ಅಂತ ಬರೆದ ಕೂಡಲೇ ಅದು ನೂರು ವರ್ಷಕ್ಕೊಮ್ಮೆ ಆಗಿಬಿಡುತ್ತದೆ. ಪೆನ್ನಿನ ಒಂದು ಗೀಟಿಗೆ ತೊಂಬತ್ತು ವರ್ಷದ ಲಾಭ. ತಾನೇ ಮುಚ್ಚಿಕೊಳ್ಳುವ ವಾಲ್ವು ಕೊಂಡು ತರಬೇಕಾದರೆ ದುಡ್ಡು ಬೇಕು. ಆಳು ಹೇಗೂ ಸಂಬಳದ ಮೇಲೆ ಇದ್ದಾನಲ್ಲ.

ಆ ಪುಸ್ತಕ ಬರೆದವರು ದಡ್ಡರೇನಲ್ಲ. ಈ ಹತ್ತಕ್ಕೊಂದು ಸುಮ್ಮನೆ ಸಿಗುವುದಿಲ್ಲ ಅಂತ ಅವರ ವಿದ್ಯೆಯೇ ಹೇಳುತ್ತದೆ. ಗಂಟೆ ಬಡಿದದ್ದು ಅವನಿಗೆ ಕೇಳಬೇಕು. ಏನು ಮಾಡಬೇಕು ಅಂತ ಮೊದಲೇ ಬರೆದು ಕಲಿಸಿರಬೇಕು. ಮಾಡಲಿಕ್ಕೆ ಹೊತ್ತು ಇರಬೇಕು. ಅವನು ಮುಟ್ಟಬೇಕಾದ ವಾಲ್ವು ಅವನಿಗೆ ಎಟುಕಬೇಕು, ಅಲ್ಲಿಗೆ ಹೋದರೆ ಅವನೇ ಸಾಯುವಂತಿರಬಾರದು. ಗಂಟೆಯನ್ನು ಆಗಾಗ ಪರೀಕ್ಷೆ ಮಾಡಿರಬೇಕು. ಇನ್ನೊಂದು ಬಹಳ ಮುಖ್ಯ: ಯಾವುದು ಕೆಟ್ಟು ಅಪಾಯ ಹುಟ್ಟಿತೋ ಅದನ್ನೇ ರಕ್ಷಣೆ ಅಂತ ಮತ್ತೆ ಎಣಿಸುವಂತಿಲ್ಲ. ಮಟ್ಟ ತೋರಿಸುವ ಮೀಟರೇ ಕೆಟ್ಟು ತೊಟ್ಟಿ ಉಕ್ಕಿದರೆ, ಅದೇ ಮೀಟರು ಬಡಿಯುವ ಗಂಟೆಗೆ ಏನು ಬೆಲೆ? ದಣಿದವನ ಕೈತಪ್ಪೇ ಕಾರಣ ಅಂತ ಒಂದು ಕಲಮಿನಲ್ಲಿ ಬರೆದು, ಪಕ್ಕದ ಕಲಮಿನಲ್ಲಿ ಅದೇ ದಣಿದವನೇ ಕಾಪಾಡುತ್ತಾನೆ ಅಂತ ಬರೆದರೆ ಅದು ಲೆಕ್ಕವಲ್ಲ, ಮೋಸ.

ನಮ್ಮ ಕೆರೆ ಕಟ್ಟಿದವರಿಗೆ ಈ ಭೇದ ಗೊತ್ತಿತ್ತು. ಕೆರೆಗೆ ಕೋಡಿ ಇಟ್ಟರು. ನೀರು ಮಟ್ಟ ಮೀರಿದರೆ ಕೋಡಿ ಹರಿಯುತ್ತದೆ. ಊರೆಲ್ಲ ಮಲಗಿದ್ದರೂ ಹರಿಯುತ್ತದೆ, ಯಾರ ಅಪ್ಪಣೆಯೂ ಬೇಕಿಲ್ಲ. ಕಾರ್ಖಾನೆಯಲ್ಲಿ ಒತ್ತಡ ಹೆಚ್ಚಾದರೆ ತಾನೇ ತೆರೆಯುವ ವಾಲ್ವು, ತೊಟ್ಟಿಯ ಸುತ್ತ ಕಟ್ಟಿದ ಕಟ್ಟೆ ಇವು ಕೋಡಿಯ ಜಾತಿಗೆ ಸೇರಿದವು. ಲೆಕ್ಕದಲ್ಲಿ ಇವಕ್ಕೆ ನೂರಕ್ಕೊಂದು ಬೆಲೆ, ಮನುಷ್ಯನಿಗಿಂತ ಹತ್ತು ಪಟ್ಟು ನಂಬಿಕೆ. ತೂಬು ಹಾಗಲ್ಲ. ತೂಬಿಗೆ ಇಳಿಯುವವನು ಬೇಕು.

ಆದರೆ ಕೋಡಿಯ ಮೇಲೆ ಕಲ್ಲು ನೆಟ್ಟು, ಕಲ್ಲಿನ ಸಂದಿಗೆ ಮಣ್ಣು ಸೊಪ್ಪು ತುರುಕಿ, ಒಂದೆರಡು ಅಡಿ ನೀರು ಹೆಚ್ಚಿಗೆ ನಿಲ್ಲಿಸಿಕೊಳ್ಳುವ ಆಸೆ ಅಚ್ಚುಕಟ್ಟಿನ ಜಮೀನುದಾರರಿಗೆ ಹಿಂದಿನಿಂದಲೂ ಇತ್ತು. ಹೆಚ್ಚಿನ ನೀರು ಅಂದರೆ ಹೆಚ್ಚಿನ ಗದ್ದೆ. ದೊಡ್ಡ ಮಳೆ ಬಂದ ರಾತ್ರಿ ಆ ಮಣ್ಣು ಕೀಳದಿದ್ದರೆ ಏರಿ ಹೋಗುತ್ತದೆ. ಕೀಳುವವರು ಯಾರು? ನೀರುಗಂಟಿ. ಇದನ್ನು ಸ್ವಲ್ಪ ನಿಂತು ನೋಡಬೇಕು. ತಾನೇ ಕೆಲಸ ಮಾಡುತ್ತಿದ್ದ ಕೋಡಿಯನ್ನು ಉಳ್ಳವರು ತಮ್ಮ ಲಾಭಕ್ಕೆ ಮುಚ್ಚಿದರು. ಮುಚ್ಚಿದ ಜಾಗದಲ್ಲಿ ಒಬ್ಬ ಬಡವನ ನಿದ್ದೆಯನ್ನು ಅಡ ಇಟ್ಟರು. ಗದ್ದೆ ಅವರದು, ಎಚ್ಚರ ಇವನದು.

ನೀರುಗಂಟಿ, ತೋಟಿ, ತಳವಾರ ಇವರೆಲ್ಲ ಹಳ್ಳಿಯ ಹನ್ನೆರಡು ಮಂದಿ ಆಯಗಾರರ ಪಟ್ಟಿಯಲ್ಲಿ ಬರುವವರು. ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಈ ಪಟ್ಟಿ ಕೊಟ್ಟಿದ್ದಾನೆ. ಪಟ್ಟಿಯಲ್ಲಿ ಗೌಡನೂ ಇದ್ದಾನೆ, ಶಾನುಭೋಗನೂ ಇದ್ದಾನೆ, ತೋಟಿಯೂ ಇದ್ದಾನೆ. ಹನ್ನೆರಡೂ ಸಮ ಅನ್ನುವ ಹಾಗೆ ಕಾಣುತ್ತದೆ. ಲೆಕ್ಕ ಬರೆಯುವವನು ಜಗುಲಿಯ ಮೇಲೆ, ಗಡಿ ಕಾಯುವವನು ಗಡಿಯಲ್ಲಿ. ನಮ್ಮ ಕಡೆ ತೋಟಿತನ ಬಹುತೇಕ ಹೊಲೆಯರ ಪಾಲಿಗೆ ಬಂದದ್ದು. ಕುಯ್ಲಿನಲ್ಲಿ ಒಂದಿಷ್ಟು ಆಯ, ಒಂದು ತುಂಡು ಇನಾಮು ಜಮೀನು. ಬದಲಿಗೆ ಹಗಲೂ ರಾತ್ರಿ ಕರೆದಾಗ ಬರಬೇಕು. ಅವನು ಇಲ್ಲದಿದ್ದರೆ ಹೆಂಡತಿ ಬರಬೇಕು, ಇಲ್ಲ ಮಗ ಬರಬೇಕು. ಏರಿ ಕಾಯುವವನಿಗೆ ಅದೇ ಕೆರೆಯ ನೀರನ್ನು ಊರವರ ಜೊತೆ ಮುಟ್ಟುವ ಹಕ್ಕಿಲ್ಲ ಅನ್ನುವುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಈ ಹೊತ್ತುಗೊತ್ತಿಲ್ಲದ ಚಾಕರಿಯ ವಿರುದ್ಧ ಕಾನೂನಿನ ಮನೆಯೊಳಗೇ ಮೊದಲು ದನಿ ಎತ್ತಿದವರಲ್ಲಿ ಬಾಬಾಸಾಹೇಬರು ಮುಖ್ಯರು. 1928ರಲ್ಲಿ ಬೊಂಬಾಯಿ ಶಾಸನಸಭೆಯಲ್ಲಿ ಅವರು 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಮಹಾರರ ವತನದ ಪ್ರಶ್ನೆ ಅದು. ಕೆಲಸ ಇಷ್ಟು, ಕೂಲಿ ಇಷ್ಟು ಅಂತ ಗೊತ್ತುಮಾಡಿ ಅನ್ನುವುದು ಅದರ ತಿರುಳು. ಮಸೂದೆ ಗೆಲ್ಲಲಿಲ್ಲ. ನಮ್ಮ ರಾಜ್ಯದಲ್ಲಿ ಹಳ್ಳಿಯ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಆಯಿತು, 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಇನಾಮು ಭೂಮಿಯ ಮುಂದಿನ ಗತಿ ಇನ್ನೊಂದು ಲೇಖನದ ಮಾತು.

ಇಲ್ಲಿ ರೈಲಿನ ವಿಷಯ ಒಂದು ಹೇಳಿಬಿಡುತ್ತೇನೆ. ಶಿವನಿ ಮೇಲೆ ಬೆಂಗಳೂರು ಹುಬ್ಬಳ್ಳಿ ಹಳಿ ಹಾದುಹೋಗುತ್ತದೆ. ಮಳೆಗಾಲದಲ್ಲಿ ಹಳಿ ಕೊಚ್ಚಿಹೋಗಬಹುದಾದ ಕಡೆ ರಾತ್ರಿಯಿಡೀ ಗ್ಯಾಂಗ್‌ಮನ್ನುಗಳು ದೀಪ ಹಿಡಿದು ನಡೆಯುವ ಪದ್ಧತಿ ರೈಲ್ವೆಯಲ್ಲಿದೆ. ಅವನ ಹತ್ತಿರ ಕೆಂಪು ದೀಪ ಇರುತ್ತದೆ, ಹಳಿಯ ಮೇಲಿಟ್ಟರೆ ಗಾಲಿ ಹತ್ತಿದಾಗ ಢಂ ಅನ್ನುವ ಪಟಾಕಿ ಡಬ್ಬಿ ಇರುತ್ತದೆ. ಹಳಿ ಕುಸಿದಿದೆ ಅಂತ ಕಂಡರೆ ಅವನು ಯಾರನ್ನೂ ಕೇಳಬೇಕಿಲ್ಲ. ಪಟಾಕಿ ಇಡುತ್ತಾನೆ, ಕೆಂಪು ತೋರಿಸುತ್ತಾನೆ, ಸಾವಿರ ಜನ ಕೂತ ಮೇಲ್ ಗಾಡಿ ನಿಲ್ಲಲೇಬೇಕು. ಒಳಗೆ ಮಂತ್ರಿ ಇದ್ದರೂ ನಿಲ್ಲಬೇಕು. ಗ್ಯಾಂಗ್‌ಮನ್ನಿನ ಮೇಲೆ ಪ್ರೀತಿ ಉಕ್ಕಿ ರೈಲ್ವೆ ಕಟ್ಟಿದವರು ಈ ಅಧಿಕಾರ ಕೊಡಲಿಲ್ಲ. ಎಂಜಿನ್ನು, ಬೋಗಿ ಉಳಿಯಬೇಕಿತ್ತು. ಕಂಡವನಿಗೇ ತಡೆಯುವ ಅಧಿಕಾರ ಇಲ್ಲದಿದ್ದರೆ ಕಂಡೂ ಪ್ರಯೋಜನವಿಲ್ಲ ಅಂತ ಅವರಿಗೆ ತಿಳಿದಿತ್ತು. ಅಯ್ಯನಕೆರೆಯ ತೋಟಿಗೆ ಇಲ್ಲದ್ದು ಇದೇ.

ಇನ್ನು ಭೋಪಾಲ. 1984ರ ಡಿಸೆಂಬರ್ 2ರ ರಾತ್ರಿ. ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ತೊಟ್ಟಿಯಲ್ಲಿ ನಲವತ್ತು ಟನ್ನಿಗೂ ಹೆಚ್ಚು ಮೀಥೈಲ್ ಐಸೊಸಯನೇಟ್. ಅದರೊಳಗೆ ನೀರು ಸೇರಿತು. ಕಾಗದದ ಮೇಲೆ ಆ ತೊಟ್ಟಿಗೆ ರಕ್ಷಣೆಯೋ ರಕ್ಷಣೆ. ತಣ್ಣಗಿಡುವ ಯಂತ್ರ ಇತ್ತು. 1984ರ ಜೂನ್‌ನಲ್ಲೇ ಅದನ್ನು ನಿಲ್ಲಿಸಿದ್ದರು. ಅನಿಲವನ್ನು ತೊಳೆಯುವ ಗೋಪುರ ಇತ್ತು, ಅದು ಚಾಲನೆಯಲ್ಲಿರಲಿಲ್ಲ. ಸುಟ್ಟುಹಾಕುವ ಚಿಮಣಿ ಇತ್ತು. ಅದಕ್ಕೆ ಹೋಗುವ ಪೈಪನ್ನೇ ಬಿಚ್ಚಿಟ್ಟಿದ್ದರು. ಕೋಡಿಗಳನ್ನೆಲ್ಲ ಮುಚ್ಚಿದ್ದರು ಅಂತ ನಮ್ಮ ಭಾಷೆಯಲ್ಲಿ ಹೇಳಬಹುದು. ಉಳಿದದ್ದು ನೀರುಗಂಟಿ ಒಬ್ಬನೇ.

ಅವನಿಗಾದರೂ ಗಂಟೆ ಕೇಳಿಸಿತೇ? ತೊಟ್ಟಿಯ ಉಷ್ಣತೆ 11 ಡಿಗ್ರಿ ದಾಟಿದರೆ ಅಲಾರಂ ಬಡಿಯಬೇಕಿತ್ತು. ತಣಿಸುವ ಯಂತ್ರ ನಿಲ್ಲಿಸಿದ ಮೇಲೆ ತೊಟ್ಟಿ ಸದಾ ಅದಕ್ಕಿಂತ ಬಿಸಿಯಾಗಿಯೇ ಇರುತ್ತಿತ್ತು, ಹೀಗಾಗಿ ಆ ಅಲಾರಮ್ಮಿಗೆ ಅರ್ಥವೇ ಉಳಿದಿರಲಿಲ್ಲ. ಒತ್ತಡ ತೋರಿಸುವ ಮುಳ್ಳು ರಾತ್ರಿ ಹತ್ತೂವರೆಯ ಸುಮಾರಿಗೆ 2ರಲ್ಲಿ ಇತ್ತು. ಪಾಳಿ ಬದಲಾಯಿತು. ಹನ್ನೊಂದಕ್ಕೆ 10. ಹೊಸದಾಗಿ ಬಂದವನು ನೋಡಿದ. ಅಲ್ಲಿ 2ರಿಂದ 25ರವರೆಗೆ ಮಾಮೂಲಿ. ಅರ್ಧ ಗಂಟೆಯಲ್ಲಿ ಐದು ಪಟ್ಟು ಏರಿದೆ ಅಂತ ಅವನಿಗೆ ಹೇಳುವವರು ಯಾರು? ಆ ಘಟಕದಲ್ಲಿ ಒಂದು ಪಾಳಿಗೆ ಇದ್ದ ಹನ್ನೆರಡು ಕೆಲಸಗಾರರನ್ನು ಆರಕ್ಕೆ ಇಳಿಸಿದ್ದರು. ರಾತ್ರಿ ಪಾಳಿಯ ರಿಪೇರಿ ಮೇಲ್ವಿಚಾರಕನ ಹುದ್ದೆಯನ್ನು ಕೆಲವೇ ದಿನಗಳ ಹಿಂದೆ ತೆಗೆದಿದ್ದರು. ಕೈಪಿಡಿಗಳು ಇಂಗ್ಲಿಷಿನಲ್ಲಿ.

ಹನ್ನೊಂದೂವರೆಯ ಹೊತ್ತಿಗೆ ಕೆಲಸಗಾರರ ಕಣ್ಣು ಉರಿಯತೊಡಗಿತು. ಅಲ್ಲಿ ಸೋರಿಕೆ ಗೊತ್ತಾಗುತ್ತಿದ್ದದ್ದೇ ಹಾಗೆ. ಮೀಟರಿಗಿಂತ ಮೊದಲು ಕೆಲಸಗಾರನ ಕಣ್ಣು. ಯಂತ್ರದ ಬದಲು ಮನುಷ್ಯನ ಮೈಯನ್ನೇ ಮೀಟರು ಮಾಡಿಕೊಂಡಿದ್ದರು. ಕಣ್ಣುರಿದವರು ಮೇಲಿನವನಿಗೆ ಹೇಳಿದರು. ಟೀ ಕುಡಿದಾದ ಮೇಲೆ ನೋಡೋಣ ಅಂತಾಯಿತು. ಟೀ ಮುಗಿಯುವ ಹೊತ್ತಿಗೆ ತೊಟ್ಟಿ ಗುಡುಗುತ್ತಿತ್ತು. ಊರಿಗೆ ಕೇಳುವ ಸೈರನ್ನು ಹಾಕಿದರು, ಕೆಲವೇ ನಿಮಿಷದಲ್ಲಿ ಆರಿಸಿದರು. ಎದುರಿಗೇ ಇದ್ದ ಜೆ.ಪಿ. ನಗರದ ಗುಡಿಸಲುಗಳ ಜನ ನಿದ್ದೆಯಲ್ಲೇ ಕೆಮ್ಮುತ್ತ ಎದ್ದು, ಗಾಳಿ ಬೀಸುವ ಕಡೆಗೇ ಓಡಿದರು. ಸರ್ಕಾರ ಮೊದಲು ಒಪ್ಪಿಕೊಂಡ ಸಾವು 2,259. ಆಮೇಲೆ ಮಧ್ಯಪ್ರದೇಶ ಸರ್ಕಾರವೇ 3,787 ಅಂದಿತು. ನಿಜವಾದ ಲೆಕ್ಕ ಇದರ ಎಷ್ಟೋ ಪಟ್ಟು ಅಂತ ಭೋಪಾಲದ ಜನ ಇವತ್ತಿಗೂ ಹೇಳುತ್ತಾರೆ.

ಆಮೇಲೆ ಕಂಪನಿ ಏನು ಹೇಳಿತು ಗೊತ್ತೇ? ಅತೃಪ್ತ ಕೆಲಸಗಾರನೊಬ್ಬ ಬೇಕಂತಲೇ ನೀರು ಬಿಟ್ಟ ಅಂತ. ರಕ್ಷಣೆಯ ಪಟ್ಟಿಯಲ್ಲಿ ಕಡೆಗೆ ಉಳಿದಿದ್ದ ಒಬ್ಬನೇ ಒಬ್ಬ, ಅಪರಾಧದ ಪಟ್ಟಿಯಲ್ಲಿ ಮೊದಲನೆಯವನಾದ.

ಇದು ಭಾರತದ ಅವ್ಯವಸ್ಥೆ ಮಾತ್ರ ಅಂತ ತಿಳಿಯಬೇಡಿ. 1994ರ ಜುಲೈ 24ರಂದು ಬ್ರಿಟನ್ನಿನ ವೇಲ್ಸ್ ಸೀಮೆಯ ಮಿಲ್‌ಫರ್ಡ್ ಹೇವನ್‌ನಲ್ಲಿ ಎಣ್ಣೆ ಕಾರ್ಖಾನೆ ಸಿಡಿಯಿತು. ಸಿಡಿಯುವ ಮುಂಚಿನ ಹನ್ನೊಂದು ನಿಮಿಷದಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರಂ ಬಡಿದವು. ಎರಡೂವರೆ ಸೆಕೆಂಡಿಗೆ ಒಂದು. ಗಂಟೆ ಇಲ್ಲದ್ದು ಒಂದು ಬಗೆಯ ಕಿವುಡು, ಎಲ್ಲವೂ ಗಂಟೆಯಾಗುವುದು ಇನ್ನೊಂದು ಬಗೆಯ ಕಿವುಡು. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಲ್ಲಿ ಸ್ಟೈರೀನ್ ತೊಟ್ಟಿ ಕಾದು ಆವಿ ಹೊರಬಿತ್ತು. ಹನ್ನೆರಡು ಜನ ಸತ್ತರು. ಆ ತೊಟ್ಟಿಯ ಉಷ್ಣತೆ ಅಳೆಯುವ ಮೀಟರು ಇದ್ದದ್ದು ತಳದಲ್ಲಿ ಮಾತ್ರ; ಮೇಲೆ ಕಾಯುತ್ತಿದ್ದದ್ದು ಯಾರಿಗೂ ಕಾಣಲಿಲ್ಲ. ಸೈರನ್ನಿನ ಗುಂಡಿಗಳು ಕಾರ್ಖಾನೆಯ ತುಂಬ ಇದ್ದವು. ಒಂದನ್ನೂ ಒತ್ತಲಿಲ್ಲ.

ಭೋಪಾಲದ ಮೇಲೆ ನಮ್ಮ ಕಾನೂನಿಗೂ ಸ್ವಲ್ಪ ಎಚ್ಚರ ಆಯಿತು. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು 41ಎಚ್ ಅನ್ನುವ ಕಲಮು ಸೇರಿಸಿದರು. ಅಪಾಯ ಎದುರಿಗೇ ಇದೆ ಅಂತ ಅನ್ನಿಸಿದರೆ ಮಾಲೀಕನಿಗೂ ಇನ್‌ಸ್ಪೆಕ್ಟರಿಗೂ ತಿಳಿಸುವ ಹಕ್ಕು ಕಾರ್ಮಿಕನಿಗೆ ಬಂತು. ಓದಿದಾಗ ಖುಷಿಯಾಯಿತು. ಮುಂದಿನ ಸಾಲು ಓದಿದೆ. ಅಪಾಯ ಇದೆ ಅಂತ ಮಾಲೀಕನಿಗೆ ಮನವರಿಕೆಯಾದರೆ ಅವನು ಕ್ರಮ ತಗೊಳ್ಳಬೇಕು. ಆಗದಿದ್ದರೆ ಇನ್‌ಸ್ಪೆಕ್ಟರಿಗೆ ಕಳಿಸಬೇಕು, ಅವನ ತೀರ್ಮಾನವೇ ಕಡೆಯದು. ಓಡಿಹೋಗಿ ಹೇಳುವ ಹಕ್ಕು ಕೊಟ್ಟರು. ಕೆಂಪು ದೀಪ ಕೊಡಲಿಲ್ಲ.

2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲ ದಿನಕ್ಕೆ ಹನ್ನೆರಡು ಗಂಟೆಯವರೆಗೆ ಪಾಳಿ ಮಾಡಿಸಲು ದಾರಿ ಮಾಡಿಕೊಡುವ ತಿದ್ದುಪಡಿಯನ್ನು ಪಾಸು ಮಾಡಿತು. ವಾರದ 48 ಗಂಟೆ ಹಾಗೇ ಇದೆ, ಒಪ್ಪಿದವರಿಗೆ ಮಾತ್ರ ಅಂದರು. ಒಲ್ಲೆ ಅಂದ ಗುತ್ತಿಗೆ ಕೆಲಸಗಾರನ ಗೇಟ್‌ಪಾಸು ಮಾರನೇ ದಿನ ಇರುತ್ತದೆಯೇ ಅಂತ ಯಾರೂ ಕೇಳಲಿಲ್ಲ. 2005ರಲ್ಲಿ ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿ ಎಣ್ಣೆ ಕಾರ್ಖಾನೆ ಸಿಡಿದು ಹದಿನೈದು ಜನ ಸತ್ತಾಗ, ಅಲ್ಲಿನ ಆಪರೇಟರುಗಳು ಇಪ್ಪತ್ತೊಂಬತ್ತು ದಿನ ರಜೆಯಿಲ್ಲದೆ ಹನ್ನೆರಡು ಗಂಟೆ ಪಾಳಿ ಮಾಡಿದ್ದರು ಅಂತ ತನಿಖೆ ಹೇಳಿತು. ಎಂಟನೇ ಗಂಟೆಯ ಮನುಷ್ಯನಿಗೂ ಹನ್ನೊಂದನೇ ಗಂಟೆಯ ಮನುಷ್ಯನಿಗೂ ಪಟ್ಟಿಯಲ್ಲಿ ಬೆಲೆ ಒಂದೇ, ಹತ್ತಕ್ಕೊಂದು. ನಮ್ಮ ಹುಡುಗರು ಈಗ ಈ ಕಂಟ್ರೋಲ್ ರೂಮುಗಳಲ್ಲೂ, ಅದರ ಹೊರಗೆ ವಾಲ್ವು ತಿರುಗಿಸುವ ಗುತ್ತಿಗೆಯಲ್ಲೂ ಇದ್ದಾರೆ. ಸಂಬಳದ ಬೇಡಿಕೆಯ ಜೊತೆ ಇದನ್ನೂ ಕೇಳಬೇಕು: ಆ ಪಟ್ಟಿ ತೋರಿಸಿ. ಅದರಲ್ಲಿ ‘ಆಪರೇಟರ್’ ಅಂತ ಎಷ್ಟು ಕಡೆ ಬರೆದಿದ್ದೀರಿ? ಒಂದೇ ರಾತ್ರಿ ಅವೆಲ್ಲ ಒಟ್ಟಿಗೆ ಬಡಿದರೆ ಅಷ್ಟೂ ಕಡೆ ಓಡುವವನು ಒಬ್ಬನೇ ತಾನೆ? ಅವನನ್ನು ಕೇಳಿ ಬರೆದಿರಾ?

ನಮ್ಮ ಚಿಕ್ಕಪ್ಪ ಒಂದು ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಕೆಲಸಕ್ಕಿದ್ದ. ಬಾಯ್ಲರಿನಲ್ಲಿ ನೀರು ಇಳಿದರೆ ಬಡಿಯುವ ಗಂಟೆ ಅಲ್ಲೊಂದಿತ್ತು. ಅದು ನೀರು ಇದ್ದರೂ ಬಡಿಯುತ್ತಿತ್ತು, ಇಲ್ಲದಿದ್ದರೂ ಬಡಿಯುತ್ತಿತ್ತು. ರಿಪೇರಿ ಮಾಡಿಸಿ ಸಾರ್ ಅಂತ ರಿಜಿಸ್ಟರಿನಲ್ಲಿ ಬರೆಸಿದ, ಬಾಯಲ್ಲಿ ಹೇಳಿದ. ಕಡೆಗೆ ಯಾರೋ ಒಬ್ಬರು, ಸಾಹೇಬರಿಗೆ ಗೊತ್ತಿದ್ದೇ, ಗಂಟೆಯ ಬಾಯಿಗೆ ಬಟ್ಟೆ ತುರುಕಿದರು. ಆ ಮೇಲೆ ಚಿಕ್ಕಪ್ಪ ಗಂಟೆಯನ್ನು ನಂಬದೆ ಐದೈದು ನಿಮಿಷಕ್ಕೆ ಎದ್ದು ಗಾಜಿನ ಕೊಳವೆಯಲ್ಲಿ ನೀರು ನೋಡುತ್ತಿದ್ದ. ಒಂದು ರಾತ್ರಿ ಗಾಜಿನಲ್ಲಿ ನೀರೇ ಇಲ್ಲ. ಕಾದ ಬಾಯ್ಲರಿಗೆ ಆಗ ತಣ್ಣೀರು ಬಿಟ್ಟರೆ ಸಿಡಿಯುತ್ತದೆ ಅಂತ ಅವನಿಗೆ ಗೊತ್ತಿತ್ತು. ಯಾರನ್ನೂ ಕೇಳದೆ ಬೆಂಕಿ ಎಳೆದು ಹಾಕಿದ. ಉತ್ಪಾದನೆ ಬೆಳಗಿನವರೆಗೆ ನಿಂತಿತು. ಮೂರನೇ ದಿನ ಅವನಿಗೆ ಎರಡು ಮೆಮೊ ಬಂದವು. ಅಪ್ಪಣೆಯಿಲ್ಲದೆ ಬಾಯ್ಲರ್ ನಿಲ್ಲಿಸಿದ್ದಕ್ಕೆ ಒಂದು, ಅಲಾರಂ ಗಂಟೆಗೆ ಬಟ್ಟೆ ಇದ್ದದ್ದಕ್ಕೆ ಒಂದು. ಓದಲು ಬರದ ಅವನು ಎರಡನ್ನೂ ಮಡಿಚಿಕೊಂಡು ಶಿವನಿಗೆ ಬಂದು, ‘ಮಗಾ, ಏನ್ ಬರದವ್ರೆ ನೋಡು’ ಅಂತ ನನ್ನ ಕೈಗೆ ಕೊಟ್ಟ.